ಅಡ್ಡ ನಿಂತವನು

ಹೋದ ತಿಂಗಳು ಜೆಸಿಬಿ ನೆಲಸಮ ಮಾಡಿದ್ದ ಮಾರಕ್ಕನ ಕೇರಿಯ ಜಾಗದಲ್ಲೇ ಸಿನಿಮಾದವರು ಅಲ್ಲಿದ್ದಂಥವೇ ಹತ್ತು ಮನೆ ಎಬ್ಬಿಸಿದ್ದರು. ಚಿತ್ರದ ಕತೆಯೂ ಅದೇ ಆದ್ದರಿಂದ ಗುಂಪಿನಲ್ಲಿ ನಿಲ್ಲಲು ಕೇರಿಯವರನ್ನೇ ಕರೆಸಿದ್ದರು.

ಜೆಸಿಬಿ ಬಂದಾಗ ನಾಯಕನಟ ಅಡ್ಡ ನಿಂತು ತಡೆದ. ಖುಷಿಯಿಂದ ಕುಣಿಯಬೇಕಿದ್ದ ಜನ ಮಕ್ಕಳನ್ನೆತ್ತಿಕೊಂಡು ಓಡಿದರು.

"ಯಾಕಮ್ಮ ಓಡ್ತೀರಾ? ಅದು ನಿಂತಿತಲ್ಲ?" ಎಂದರು ನಿರ್ದೇಶಕರು.

"ಅದು ನಿಲ್ಲೋದನ್ನ ನಾವು ನೋಡೇ ಇಲ್ವಲ್ಲ ಸ್ವಾಮಿ," ಎಂದಳು ಮಾರಕ್ಕ.

ಅದೇ ದೃಶ್ಯವನ್ನು ನಾಲ್ಕನೇ ಸಲ ತೆಗೆಯುವಾಗ, ಜೆಸಿಬಿ ನಿಲ್ಲುತ್ತದೆಂದು ಜನ ನಂಬಿದರು. ಮಾರಕ್ಕ ಕುಣಿಯುತ್ತಲೇ ಅತ್ತುಬಿಟ್ಟಳು. ನಿರ್ದೇಶಕರೂ ಕಣ್ಣೊರೆಸಿಕೊಂಡದ್ದನ್ನು ಕಂಡು ಅವಳಿಗೆ ಕೇಳುವ ಧೈರ್ಯ ಬಂತು.

"ಶೂಟಿಂಗ್ ಮುಗೀತಲ್ಲ ಸ್ವಾಮಿ, ಈ ಮನೆಗಳಾಗೆ ನಾವು ಇರ್ಬೋದಾ? ಮಕ್ಕಳು ಸೇತುವೆ ಕೆಳಗೆ ಮಲಗ್ತಾವೆ."

"ಇವು ಬರೀ ಪ್ಲೈವುಡ್ ಗೋಡೆ ಅಮ್ಮ."

"ಆದ್ರೆ ಆಗ್ಲಿ, ಗಾಳಿಗೆ ಮರೆಯಾದ್ರೆ ಸಾಕು."

ಅವರು ತಲೆ ತಗ್ಗಿಸಿದರು. "ಸಂಜೆಯೊಳಗೆ ಎಲ್ಲಾ ಕೆಡವಿ ಜಾಗ ಬಿಟ್ಟುಕೊಡ್ತೀವಿ ಅಂತ ಬರೆದುಕೊಟ್ಟಿದೀವಿ."

ಜೆಸಿಬಿ ಮತ್ತೆ ಶುರುವಾಗಿ ಮೊದಲನೇ ಮನೆಗೆ ಕೈಹಾಕಿತು. ಮಾರಕ್ಕ ತನಗರಿವಿಲ್ಲದೆಯೇ ನಾಯಕನಟನತ್ತ ತಿರುಗಿದಳು. ಅವನು ಧೂಳಿಗೆ ಮೂಗು ಮುಚ್ಚಿಕೊಂಡು ಕಾರು ಹತ್ತುತ್ತಿದ್ದ.