ಎಡಗಡೆಯ ಗುಂಡಿ

ಸ್ಟುಡಿಯೋದ ಮುದುಕ, ಬಂದವನ ಕೊರಳಲ್ಲಿ ನೇತಾಡುತ್ತಿದ್ದ ಹಳೆಯ ಕ್ಯಾಮೆರಾವನ್ನು ದುರುಗುಟ್ಟಿ ನೋಡಿದ.

"ಇಂಥವು ಎಷ್ಟಿವೆ ನಿನ್ನ ಹತ್ರ?"

"ಹನ್ನೊಂದು. ಎಲ್ಲಾ ರೀಲಿನ ಎಸ್‌ಎಲ್‌ಆರ್‌ಗಳು. ಲೆನ್ಸು ಇಪ್ಪತ್ತರ ಮೇಲಿವೆ."

"ಶೋಕಿ! ನಾನು ಇದರಲ್ಲೇ ಅನ್ನ ತಿಂದವನು. ತಾ ಇಲ್ಲಿ."

"ಮುಟ್ಟಬೇಡಿ."

ಮುದುಕನ ಮುಖ ಕೆಂಪಾಯಿತು. "ನಂಗೇ ಹೇಳ್ತೀಯಾ? ಸಾವಿರ ಮದುವೆ ತೆಗೆದ ಕೈ ಇದು. ರೀಲಿಗೆ ಮೂವತ್ತಾರೇ ಫೋಟೋ, ಒಂದೂ ದಂಡ ಮಾಡಿದವನಲ್ಲ."

"ಮದುವೇಲಿ ಎಲ್ಲಾರೂ ಬಂದು ನಿಂತ್ಕೋತಿದ್ರಲ್ಲ, ಹೆಂಗೆ ಸಾಲ್ತಿತ್ತು?"

"ಅದಕ್ಕೇ ರೀಲಿಲ್ಲದ ಕ್ಯಾಮೆರಾ ಒಂದು ಬೇರೆ ಇಟ್ಕೊಂಡಿದ್ದೆ. ಕೆಲಸದವರು ಬಂದು ನಿಂತ್ರೆ ಅದರಲ್ಲಿ ಬರೀ ಫ್ಲ್ಯಾಶ್ ಹೊಡೆದು ಕಳಿಸ್ತಿದ್ದೆ. ಅವರಿಗೇನು ಗೊತ್ತಾಗುತ್ತೆ?"

ಬಂದವನು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದ. "ಕೂತ್ಕೊಳ್ಳಿ, ನಿಮ್ಮದೊಂದು ತೆಗೀತೀನಿ."

"ನಂದಾ? ಐವತ್ತು ವರ್ಷದಲ್ಲಿ ನನ್ನನ್ನ ಯಾರೂ ತೆಗೆದಿಲ್ಲ ಕಣಯ್ಯ." ಮುದುಕ ಗಡಿಬಿಡಿಯಿಂದ ತಲೆ ಬಾಚಿ, ಕೋಟು ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ.

ಬಂದವನು ಲೆನ್ಸಿನ ಉಂಗುರವನ್ನು ಮೆಲ್ಲಗೆ ತಿರುಗಿಸಿ ಒಂದು ತೆಗೆದ. ರೀಲು ಮುಂದೆ ಸರಿಸುವ ಲಿವರ್ ಎಳೆದು ಇನ್ನೊಂದು ತೆಗೆದ. ಮತ್ತೆ ಲಿವರ್ ಎಳೆದ.

ಮುದುಕ ಧಡಕ್ಕನೆ ಎದ್ದ. "ಲೋ, ಲಿವರ್ ಎಳೆದಾಗ ಎಡಗಡೆಯ ಗುಂಡಿ ತಿರುಗಬೇಕು. ಅದು ತಿರುಗ್ತಾನೇ ಇಲ್ಲ! ರೀಲೇ ಹಾಕಿಲ್ಲ ನೀನು!"

ಬಂದವನು ಲೆನ್ಸಿಗೆ ಮುಚ್ಚಳ ಹಾಕಿದ.

"ಪಾತ್ರೆ ತಿಕ್ಕೋಕೆ ಬಂದಿದ್ದ ನಮ್ಮವ್ವನ್ನೂ ನೀವು ಹಿಂಗೇ ತೆಗೆದ್ರಿ. ಅವಳಿಗೆ ಗುಂಡಿ ನೋಡೋಕೆ ಬರ್ತಿರ್ಲಿಲ್ಲ."