ದೊರೆಸಾನಿಯ ಸೊಂಟ

“ಫಸ್ಟ್ ಕ್ಲಾಸ್ ಸೊಂಟ,” ಎಂದರು ನಾಯಿ ಡಾಕ್ಟರು, ಪರದೆಯ ಮೇಲಿನ ಎಕ್ಸ್‌ರೇ ನೋಡುತ್ತ. “ಧಾರಾಳವಾಗಿ ಮರಿ ಹಾಕಿಸಬಹುದು. ತಳಿ ಸಂಘದ ಸರ್ಟಿಫಿಕೇಟಿಗೆ ಇದನ್ನ ಇವತ್ತೇ ಕಳಿಸಿಬಿಡ್ತೀನಿ.”

ತಾಯಿ ಸೀಸದ ಏಪ್ರನ್ ಕಳಚಿ ಗೋಡೆಗೆ ನೇತುಹಾಕಿ, ನಾನು ಹೇಳಲಿಲ್ಲವಾ ಎಂಬಂತೆ ಮಗಳ ಕಡೆ ನೋಡಿದಳು. ಅಷ್ಟು ಹೊತ್ತು ಮೇಜಿನ ಮೇಲೆ ಅಂಗಾತ ಮಲಗಿಸಿಕೊಂಡು ಅವಮಾನಪಟ್ಟ ದೊರೆಸಾನಿ ಮೈ ಕೊಡವಿ, ಇನ್ನು ಹೊರಡೋಣ ಎಂದು ಬಾಗಿಲ ಬಳಿ ಹೋಗಿ ನಿಂತಿತು. ಮೂರು ವರ್ಷದ ಕಪ್ಪು ಹೆಣ್ಣುನಾಯಿ. ತಾಯಿ ಇಪ್ಪತ್ತು ವರ್ಷದಿಂದ ಕೈಯಾರೆ ಬೆಳೆಸಿಕೊಂಡು ಬಂದ ತಳಿಯಲ್ಲಿ ಇದರಷ್ಟು ಚೆಂದದ್ದು ಇನ್ನೊಂದು ಹುಟ್ಟಿರಲಿಲ್ಲ. ಮುಂದಿನ ತಿಂಗಳು ಬೆದೆಗೆ ಬರುವುದಿತ್ತು. ಗಂಡುನಾಯಿ ಗೊತ್ತುಮಾಡಿಯಾಗಿತ್ತು, ಮರಿ ಬೇಕೆಂದವರು ಆಗಲೇ ಸಾಲುಗಟ್ಟಿದ್ದರು.

“ಇದನ್ನ ಕಳಿಸ್ಬೇಡಿ ಡಾಕ್ಟ್ರೇ,” ಎಂದಳು ಮಗಳು. “ಮಂಪರು ಕೊಟ್ಟು ಇನ್ನೊಂದು ತೆಗೀರಿ.”

“ಶುರುವಾಯ್ತು ಇವಳದ್ದು,” ಎಂದಳು ತಾಯಿ. “ಚೆನ್ನಾಗಿದೆ ಅಂತ ಡಾಕ್ಟ್ರೇ ಹೇಳ್ತಿದ್ದಾರೆ. ನಿಂಗೇನೇ ಕಷ್ಟ?”

“ನೀನು ಮುಂಗಾಲು ಹಿಡ್ಕೊಂಡಿದ್ದೆ, ಅವರು ಹಿಂಗಾಲು ಎಳೆದಿದ್ರು. ಅದು ಹೆದರಿ ಮೈಯೆಲ್ಲ ಬಿಗಿ ಮಾಡ್ಕೊಂಡಿತ್ತು. ಹಾಗೆ ಬಿಗಿ ಹಿಡಿದಾಗ ಸಡಿಲ ಕೀಲೂ ಗಟ್ಟಿಯಾಗೇ ಕಾಣುತ್ತಮ್ಮ. ಅದೂ ಅಲ್ದೆ ಸೊಂಟ ಒಂದು ಕಡೆ ವಾಲಿದೆ, ನೋಡು. ಇದನ್ನ ನಾನು ನಂಬಲ್ಲ.”

ಡಾಕ್ಟರು ಕನ್ನಡಕ ಒರೆಸತೊಡಗಿದರು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ಅವರಿಗೆ ಗೊತ್ತಿತ್ತು. ಅಷ್ಟು ವರ್ಷದ ಪರಿಚಯದಲ್ಲಿ ಅದನ್ನು ತಾಯಿಯ ಮುಖಕ್ಕೆ ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ, ಅಷ್ಟೇ. “ಅಮ್ಮ ಮೊದಲಿಂದಲೂ ಮಂಪರು ಬೇಡ ಅಂತಾರೆ, ಅದಕ್ಕೇ...” ಎಂದು ಮಾತು ನುಂಗಿದರು.

“ಬೇಡ ಅಂದ್ರೆ ಬೇಡ,” ಎಂದಳು ತಾಯಿ. ಹಿಂದೊಮ್ಮೆ ಹಲ್ಲು ಕೀಳಿಸಲೆಂದು ಮಲಗಿಸಿದ ನಾಯಿ ಏಳಲೇ ಇಲ್ಲ. ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದವಳು ಅವಳೇ. ಬೇರೆ ಊರಿನ, ಬೇರೆ ಡಾಕ್ಟರ ಕೈಯಲ್ಲಿ ಆದದ್ದಾದರೂ ಆಮೇಲೆ ಮನೆಯ ಯಾವ ನಾಯಿಗೂ ಅವಳು ಮಂಪರು ಕೊಡಿಸಿರಲಿಲ್ಲ. “ಇದು ಏಳ್ದೇ ಹೋದ್ರೆ ನೀನು ಎಬ್ಬಿಸ್ತೀಯಾ?”

ಮಗಳಿಗೂ ಭಯವಿತ್ತು. ಆದರೂ ಪಟ್ಟು ಬಿಡಲಿಲ್ಲ. “ರಕ್ತ ಪರೀಕ್ಷೆ ಆಗಿದೆ, ಎದೆ ಪರೀಕ್ಷೆ ಆಗಿದೆ. ಎಚ್ಚರ ಮಾಡೋಕೂ ಇಂಜೆಕ್ಷನ್ ಇದೆ. ಇದರ ಅಕ್ಕನ ಮರಿಗಳಲ್ಲಿ ಎರಡು ಕುಂಟ್ತಿವೆ ಅಮ್ಮ.”

“ತಗೊಂಡೋರು ನೆಟ್ಟಗೆ ಸಾಕಿಲ್ಲ.”

“ಇಬ್ಬರೂನಾ?” ಮಗಳು ತಾಯಿಯ ಮುಂದೆ ಬಂದು ನಿಂತಳು. “ಎಚ್ಚರ ಇದ್ದಾಗ ಚೆನ್ನಾಗಿರೋ ಸೊಂಟ ಮಲಗಿದಾಗ್ಲೂ ಚೆನ್ನಾಗೇ ಇರ್ಬೇಕಲ್ವಾ? ನಿನ್ನ ನಾಯಿ ಮೇಲೆ ನಿನಗೇ ನಂಬಿಕೆ ಇಲ್ವಾ?”

ಆ ಮಾತು ನಾಟಿತು. ಯಾರು ಏನಂದರೂ ತಡೆದುಕೊಂಡಾಳು, ತನ್ನ ನಾಯಿಗಳ ಸುದ್ದಿಗೆ ಬಂದರೆ ತಾಯಿ ತಡೆದುಕೊಳ್ಳುವವಳಲ್ಲ. “ತೆಗೀರಿ ಡಾಕ್ಟ್ರೇ,” ಎಂದಳು. “ಇವಳ ಬಾಯಿ ಒಂದ್ಸಲ ಮುಚ್ಚಲಿ.”

ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ದೊರೆಸಾನಿಯ ತಲೆ ತಾಯಿಯ ಅಂಗೈ ಮೇಲೆ ಭಾರವಾಯಿತು. ಅಂಗಾತ ಮಲಗಿಸಿ, ಎರಡೂ ಪಕ್ಕಕ್ಕೆ ಮರಳಿನ ಚೀಲ ಒತ್ತಿ, ಹಿಂಗಾಲುಗಳನ್ನು ಒಂದೇ ಸಮನಾಗಿ ಚಾಚಿ ಕಟ್ಟಿದರು. ಈ ಸಲ ಹಿಡಿದುಕೊಳ್ಳಲು ಯಾರೂ ಬೇಕಾಗಲಿಲ್ಲ. ಎಲ್ಲರೂ ಆಚೆ ಬಂದರು. ತಾಯಿ ಬಾಗಿಲಿನ ಗಾಜಿಗೆ ಹಣೆ ಒತ್ತಿ, ನಾಯಿಯ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ನಿಂತಳು.

ಪರದೆಯ ಮೇಲೆ ಹೊಸ ಎಕ್ಸ್‌ರೇ ಬಂತು. ಸೊಂಟ ಒಂಚೂರೂ ವಾಲಿರಲಿಲ್ಲ, ಎರಡು ಕಾಲೂ ಗೆರೆ ಎಳೆದಂತೆ ನೇರ. ಎಡ ತೊಡೆಮೂಳೆಯ ಗುಂಡು ಮಾತ್ರ ತಾನು ಕೂರಬೇಕಾದ ಸೊಂಟದ ಬಟ್ಟಲಿನಿಂದ ಅರ್ಧಕ್ಕರ್ಧ ಆಚೆ ಇತ್ತು. ಅದನ್ನು ನೋಡಲು ಡಾಕ್ಟರಿಕೆ ಓದಿರಬೇಕಾಗಿರಲಿಲ್ಲ. ಮಗಳಿಗೆ ಗೆದ್ದೆನೆಂದು ಅನ್ನಿಸಲಿಲ್ಲ, ಅಳು ಬಂತು.

ಎಚ್ಚರಿಸುವ ಇಂಜೆಕ್ಷನ್ ಕೊಟ್ಟು, ನೆಲದ ಕಂಬಳಿಯ ಮೇಲೆ ಮಲಗಿಸಿದರು. ದೊರೆಸಾನಿ ಕಣ್ಣು ಬಿಟ್ಟು ಬಾಲ ಒಂದು ಸಲ ಅಲುಗಿಸುವವರೆಗೂ ತಾಯಿ ಅದರ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

“ಬೇಜಾರು ಮಾಡ್ಕೋಬೇಡಿ,” ಎಂದರು ಡಾಕ್ಟರು. “ಇದೊಂದಕ್ಕೇ ಹೀಗಾಗಿರಬಹುದು. ಇದರ ತಾಯಿದು, ಅಜ್ಜಿದು, ಎಲ್ಲಾ ಎಕ್ಸ್‌ರೇನೂ ಚೆನ್ನಾಗೇ ಇತ್ತಲ್ಲ.”

“ಅವುಗಳನ್ನೂ ಮೇಜಿನ ಮೇಲೆ ಹಿಡ್ಕೊಂಡಿದ್ದೋಳು ನಾನೇ,” ಎಂದಳು ತಾಯಿ.

ಡಾಕ್ಟರು ಮತ್ತೆ ಕನ್ನಡಕ ತೆಗೆದು ಒರೆಸಿದರು.

“ಈಗ ತೆಗೆದಿದ್ದನ್ನೇ ಕಳಿಸಿ. ಇದಕ್ಕೆ ಮರಿ ಆಗದ ಹಾಗೆ ಆಪರೇಷನ್‌ಗೆ ಒಂದು ದಿನ ಹೇಳಿ. ಮಲಗಿಸಿಯೇ ಮಾಡಿ.” ತಾಯಿ ನಾಯಿಯ ಪಕ್ಕ ನೆಲದ ಮೇಲೇ ಕೂತು ಫೋನು ತೆಗೆದಳು. ಅವಳ ಮನೆಯಿಂದ ಮರಿ ಒಯ್ದವರ ನಂಬರೆಲ್ಲ ಅದರಲ್ಲಿತ್ತು.

“ಮನೆಗೆ ಹೋಗಿ ಮಾಡೋಣ ಅಮ್ಮ,” ಎಂದಳು ಮಗಳು.

“ಮನೆಗೆ ಹೋದ್ರೆ ಮನಸ್ಸು ಬದಲಾಗುತ್ತೆ.”

ಮೊದಲನೆಯ ನಂಬರಿನವರೇ ಫೋನು ಎತ್ತಿದರು. ಈ ಸಲದ ಮರಿಗಳು ಯಾವಾಗ ಎಂದು ಆ ಕಡೆಯವರು ಸಂಭ್ರಮದಿಂದ ಕೇಳಿದ್ದು ಡಾಕ್ಟರಿಗೂ ಕೇಳಿಸಿತು.

“ಮರಿ ವಿಷಯ ಅಲ್ಲಪ್ಪ,” ಎಂದಳು ತಾಯಿ. “ನಿಮ್ಮ ನಾಯಿ ಕುಂಟದೆ ಮೆಟ್ಟಿಲು ಹತ್ತುತ್ತಾ?”