ದೊಡ್ಡಪ್ಪನ ಉದ್ದ ಸ್ವರ

ನಾಲ್ವರು ಸ್ಯಾಕ್ಸೊಫೋನ್ ವಾದಕರ ಮುಂದೆ ಒಂದೇ ಹಾಡಿನ ಎರಡು ನೊಟೇಶನ್‌ಗಳಿದ್ದವು. ಮೊದಲನೆಯದರಲ್ಲಿ ದೊಡ್ಡಪ್ಪನ ಸಾಲಿನ ತುಂಬ ಬಿಡುವು. ಎರಡನೆಯದರ ಕೊನೆಗೆ, ಉಳಿದವರೆಲ್ಲ ಸುಮ್ಮನಾದ ಮೇಲೆ, ಅವರೊಬ್ಬರೇ ಹಿಡಿಯಬೇಕಾದ ಒಂದು ಉದ್ದನೆಯ ಸ್ವರ.

“ಮೊದಲನೇದೇ ಇರ್ಲಿ ದೊಡ್ಡಪ್ಪ, ನಮಗೂ ಸಲೀಸು,” ಎಂದಳು ಪಕ್ಕದಲ್ಲಿ ಕೂತ ತಮ್ಮನ ಮಗಳು. ಮಿಕ್ಕಿಬ್ಬರು ಒರೆಸಿದ ವಾದ್ಯವನ್ನೇ ಮತ್ತೆ ಒರೆಸಿದರು.

“ನಾನೇನು ಆಟಕ್ಕುಂಟು ಲೆಕ್ಕಕ್ಕಿಲ್ವಾ? ಡಾಕ್ಟರು ಕೊಯ್ದಿದ್ದು ಶ್ವಾಸಕೋಶನ, ಮರ್ಯಾದೆನಲ್ಲ. ಎರಡನೇದು ತೆಗಿ.”

ನುಡಿಸುತ್ತ ನುಡಿಸುತ್ತ ಆ ಕೊನೆಯ ಸ್ವರ ಬಂದೇಬಿಟ್ಟಿತು. ಅದು ನೀರಿನಂತೆ ಮೆಲ್ಲಗೆ ಕೋಣೆಯೊಳಗೆ ಏರಿತು. ಕಿಟಕಿಯ ಬಿಸಿಲು, ಕುರ್ಚಿ, ಹಾಳೆ ಎಲ್ಲವೂ ಅದರ ಮೇಲೆ ತೇಲತೊಡಗಿದಂತಿತ್ತು. ಅರ್ಧ ದಾರಿಯಲ್ಲೇ ದೊಡ್ಡಪ್ಪನ ಎದೆ ಬರಿದಾಯಿತು. ಅವರು ತಲೆ ತಗ್ಗಿಸಿ ವಾದ್ಯವನ್ನು ತುಟಿಯಿಂದ ತೆಗೆದರು.

ಸ್ವರ ಮಾತ್ರ ನಿಲ್ಲಲಿಲ್ಲ. ಕನಸಿನಲ್ಲಿ ತಮ್ಮನ್ನೇ ದೂರದಿಂದ ಕಂಡವರಂತೆ ದೊಡ್ಡಪ್ಪ ಕಿವಿಗೊಟ್ಟರು. ಅದೇ ಸ್ವರ, ಅಷ್ಟೇ ಮೆಲ್ಲಗೆ, ತಮ್ಮನ ಮಗಳ ಸ್ಯಾಕ್ಸೊಫೋನಿನಿಂದ ಬರುತ್ತಿತ್ತು. ನೋಡನೋಡುತ್ತಿದ್ದಂತೆ ಅವಳ ಮುಖ ಕೆಂಪೇರಿತು, ಭುಜ ನಡುಗಿತು. ಅವಳ ಉಸಿರೂ ತೀರುತ್ತಿತ್ತು.

ದೊಡ್ಡಪ್ಪ ಎದೆ ತುಂಬ ಗಾಳಿ ಎಳೆದುಕೊಂಡು, ಸ್ವರವನ್ನು ಅವಳಿಂದ ಇಸಿದುಕೊಂಡರು.